ತುಕ್ಕು ಹಿಡಿದ ಬ್ರೇಕ್ ಪೈಪು: ಬಿಲ್ಲಿನಾಚೆಯ ಲೆಕ್ಕ

ವ್ಯಾಪಾರ ಸಂಸ್ಥೆಗಳ ಲೆಕ್ಕಪುಸ್ತಕದಲ್ಲಿ ‘ವಾಹನ ದುರಸ್ತಿ ಮತ್ತು ನಿರ್ವಹಣೆ’ ಎಂಬ ಖಾತೆಯಷ್ಟು ಅಲಕ್ಷ್ಯಕ್ಕೆ ಒಳಗಾದ ಖಾತೆ ಮತ್ತೊಂದು ಇರಲಾರದು. ಸರಕಿನ ಖರೀದಿಯಲ್ಲಿ ಕ್ವಿಂಟಾಲಿಗೆ ಹತ್ತು ರೂಪಾಯಿ ವ್ಯತ್ಯಾಸಕ್ಕೂ ಗಂಟೆಗಟ್ಟಲೆ ಚೌಕಾಸಿ ಮಾಡುವ ವರ್ತಕರು, ಗ್ಯಾರೇಜಿನವರು ಹೇಳಿದ ಮೊತ್ತವನ್ನು ಜೇಬಿನಿಂದ ತೆಗೆದುಕೊಟ್ಟು, ತುಂಡು ಕಾಗದವನ್ನೂ ಪಡೆಯದೆ ಬರುವುದುಂಟು. ಇಲ್ಲವೇ ‘ಈ ತಿಂಗಳು ಬೇಡ, ಸೀಸನ್ ಮುಗಿಯಲಿ’ ಎಂದು ದುರಸ್ತಿಯನ್ನೇ ಮುಂದೂಡುವುದೂ ಉಂಟು. ಹೀಗೆ ಮುಂದೂಡಲ್ಪಡುವ ಕೆಲಸಗಳಲ್ಲಿ ಬೆಲೆಯಿಂದ ಅತಿ ಚಿಕ್ಕದು, ಪರಿಣಾಮದಿಂದ ಅತಿ ದೊಡ್ಡದು ಯಾವುದೆಂದರೆ ಹಳೆಯ ಕಾರಿನ ತುಕ್ಕು ಹಿಡಿದ ಬ್ರೇಕ್ ಪೈಪುಗಳ ಬದಲಾವಣೆ.

ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ರೈಲ್ವೆ ಜಂಕ್ಷನ್ನಿನಿಂದ ಹೆಸರಾದ ಊರು. ಬೀರೂರು-ದಾವಣಗೆರೆ ಮಾರ್ಗದಿಂದ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿಗಳ ಕಡೆಗೆ ಹೋಗುವ ಕವಲು ಮಾರ್ಗ ಒಡೆಯುವುದು ಇಲ್ಲಿಯೇ. ಆದರೂ ಇಲ್ಲಿನ ಅಡಿಕೆ, ತೆಂಗು, ಗೊಬ್ಬರ ಹಾಗೂ ಕಿರಾಣಿ ವರ್ತಕರ ದಿನನಿತ್ಯದ ಓಡಾಟ ನೆಚ್ಚಿಕೊಂಡಿರುವುದು ರಸ್ತೆಯನ್ನು. ಬೆಳಿಗ್ಗೆ ಹೊಳಲ್ಕೆರೆ, ಮಧ್ಯಾಹ್ನ ಭೀಮಸಮುದ್ರ, ಸಂಜೆ ದಾವಣಗೆರೆ ಎಂದು ತಿರುಗುವ ವಾಹನಗಳಲ್ಲಿ ಹತ್ತು ಹದಿನೈದು ವರ್ಷ ದಾಟಿದವೂ ಸಾಕಷ್ಟಿವೆ. ಮಾರುತಿ 800ರ ತಯಾರಿಕೆ 2014ರಲ್ಲಿ, ಟಾಟಾ ಇಂಡಿಕಾದ್ದು 2018ರಲ್ಲಿ, ಮಾರುತಿ ಓಮ್ನಿಯದು 2019ರಲ್ಲಿ ನಿಂತಿತು. ಆದರೆ ಇಂಥ ಕಾರುಗಳು ಸಣ್ಣ ಊರುಗಳ ವ್ಯಾಪಾರದಿಂದ ನಿವೃತ್ತಿ ಹೊಂದಿಲ್ಲ. ಎಂಜಿನ್ ಚೆನ್ನಾಗಿದೆ, ಮೈಲೇಜು ಬರುತ್ತಿದೆ, ಸಾಲ ತೀರಿದೆ ಎಂಬ ಕಾರಣಕ್ಕೆ ಇವನ್ನು ಇಟ್ಟುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಹಳೆಯ ಕಾರನ್ನು ಇಟ್ಟುಕೊಳ್ಳುವವರು ಅದರ ಕೆಳಭಾಗದ ಲೆಕ್ಕವನ್ನೂ ಇಟ್ಟುಕೊಳ್ಳಬೇಕಾಗುತ್ತದೆ.

ಪೈಪು ಎಲ್ಲಿದೆ, ಏಕೆ ಸವೆಯುತ್ತದೆ?

ಬ್ರೇಕ್ ಪೆಡಲನ್ನು ಅದುಮಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಉಂಟಾಗುವ ಒತ್ತಡವನ್ನು ನಾಲ್ಕು ಚಕ್ರಗಳಿಗೂ ತಲುಪಿಸುವುದು ಬ್ರೇಕ್ ಆಯಿಲ್. ಆ ಆಯಿಲ್ ಹರಿಯುವುದು ಕಾರಿನ ಅಡಿಯಲ್ಲಿ ಸಾಗುವ ಸಣ್ಣ ಉಕ್ಕಿನ ಪೈಪುಗಳಲ್ಲಿ. ಸಾಮಾನ್ಯ ಕಾರುಗಳಲ್ಲಿ ಈ ಪೈಪಿನ ಹೊರವ್ಯಾಸ 4.75 ಮಿಲಿಮೀಟರ್; ಗೋಡೆಯ ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ತುರ್ತಾಗಿ ಬ್ರೇಕ್ ಹಾಕಿದಾಗ ಈ ತೆಳುಗೋಡೆ ತಡೆಯಬೇಕಾದ ಒತ್ತಡ ಚದರ ಸೆಂಟಿಮೀಟರಿಗೆ 100 ಕಿಲೋಗ್ರಾಂ ಆಸುಪಾಸಿನಲ್ಲಿರುತ್ತದೆ. ಊರೊಳಗೆ ನಿಧಾನವಾಗಿ ಓಡಿಸುವಾಗ ಪೈಪಿನ ಮೇಲೆ ಇದರ ಅಲ್ಪಾಂಶ ಮಾತ್ರ ಬೀಳುತ್ತದೆ. ಆದುದರಿಂದ ‘ನಿನ್ನೆಯವರೆಗೆ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿತ್ತು’ ಎಂಬ ಮಾತು ಸಮಾಧಾನ ಕೊಡುವಂಥದಲ್ಲ. ಸವೆದ ಪೈಪು ಒಡೆಯುವ ಸಂಭವ ಹೆಚ್ಚಿರುವುದು ಪೆಡಲನ್ನು ಪೂರ್ಣ ಬಲದಿಂದ ಅದುಮಿದಾಗ, ಅಂದರೆ ಬ್ರೇಕು ಅತ್ಯಗತ್ಯವಾದ ಕ್ಷಣದಲ್ಲಿ.

ಆಧುನಿಕ ಕಾರುಗಳಲ್ಲಿ ಬ್ರೇಕ್ ವ್ಯವಸ್ಥೆಯನ್ನು ಎರಡು ಪ್ರತ್ಯೇಕ ಭಾಗಗಳಾಗಿ ವಿಂಗಡಿಸಿರುತ್ತಾರೆ. ಒಂದು ಭಾಗದ ಪೈಪು ಒಡೆದರೂ ಇನ್ನೊಂದು ಭಾಗ ಕೆಲಸ ಮಾಡುತ್ತದೆ. ಇದು ನಿಜವಾದರೂ, ಅರ್ಧ ಬ್ರೇಕಿನಲ್ಲಿ ಕಾರು ನಿಲ್ಲಲು ಬೇಕಾಗುವ ದೂರ ಬಹಳ ಹೆಚ್ಚುತ್ತದೆ. ಪೆಡಲು ಏಕಾಏಕಿ ಕೆಳಕ್ಕೆ ಹೋದಾಗ ಚಾಲಕನು ಗಾಬರಿಯಾಗುವುದೂ ಸಹಜ.

ಚಿತ್ರದುರ್ಗ ಜಿಲ್ಲೆ ಒಣ ಪ್ರದೇಶ, ಇಲ್ಲಿ ತುಕ್ಕಿನ ಭಯವೇನು ಎಂಬ ಪ್ರಶ್ನೆ ಏಳಬಹುದು. ಕರಾವಳಿಯಷ್ಟು ಅಪಾಯ ಇಲ್ಲಿಲ್ಲವೆಂಬುದು ದಿಟ. ಆದರೆ ಕಾರಣಗಳು ಇಲ್ಲದಿಲ್ಲ. ಪೈಪನ್ನು ಹಿಡಿದಿಡುವ ಕ್ಲಿಪ್ಪುಗಳ ಸಂದಿಯಲ್ಲಿ ಮಳೆಗಾಲದ ಕೆಸರು ಸೇರಿಕೊಂಡು ತಿಂಗಳುಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಕಲ್ಲುಹರಳು ಸಿಡಿದು ಪೈಪಿನ ರಕ್ಷಕ ಲೇಪನ ಕಿತ್ತುಹೋಗುತ್ತದೆ. ಲವಣಾಂಶ ಹೆಚ್ಚಿರುವ ಕೊಳವೆಬಾವಿಯ ನೀರಿನಿಂದ ಪದೇ ಪದೇ ತೊಳೆದು, ಒರೆಸದೆ ಬಿಟ್ಟರೆ ಆ ಲವಣ ಅಲ್ಲಿಯೇ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿನ ಸೀಟು ಮಡಚಿ ಗೊಬ್ಬರದ ಚೀಲ ಸಾಗಿಸುವ ಅಭ್ಯಾಸ. ಪೊಟ್ಯಾಷ್ ಗೊಬ್ಬರವು ಕ್ಲೋರೈಡ್ ಲವಣವೇ ಆಗಿದ್ದು, ಚೀಲದಿಂದ ಸೋರಿದ ಪುಡಿ ತೇವದೊಡನೆ ಸೇರಿ ತಗಡಿನ ಸಂದುಗಳಿಂದ ಕೆಳಗಿಳಿದರೆ ಉಕ್ಕಿಗೆ ಅದು ಕಡಲ ಗಾಳಿಗಿಂತ ಕಡಿಮೆ ಶತ್ರುವಲ್ಲ. ಇನ್ನು ಮಂಗಳೂರು, ಮುಂಬಯಿ, ಚೆನ್ನೈಗಳಂಥ ಕಡಲ ತೀರದ ಊರುಗಳಿಂದ ಕೊಂಡುತಂದ ಸೆಕೆಂಡ್ ಹ್ಯಾಂಡ್ ಕಾರಾದರೆ, ತುಕ್ಕು ಅಲ್ಲಿಂದಲೇ ಆರಂಭವಾಗಿರಬಹುದು. ಮೇಲಿನ ಹೊಸ ಬಣ್ಣ ಕೆಳಗಿನ ತುಕ್ಕನ್ನು ಹೇಳುವುದಿಲ್ಲ.

ಬ್ರೇಕ್ ಆಯಿಲ್ ಕೂಡ ಕ್ರಮೇಣ ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು; ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯಬಹುದು. ಡಾಟ್ 4ರಲ್ಲಿ ಈ ಅಂಕಿಗಳು 230 ಹಾಗೂ 155. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕೆನ್ನುವುದು ಇದಕ್ಕಾಗಿಯೇ. ಬದಲಿಸದಿದ್ದಲ್ಲಿ ಪೈಪು, ಸಿಲಿಂಡರುಗಳಿಗೆ ಒಳಗಿನಿಂದಲೂ ತುಕ್ಕು ತಗಲುತ್ತದೆ.

ಬಿಲ್ಲಿನ ಒಳಗೇನಿರುತ್ತದೆ?

ಬ್ರೇಕ್ ಪೈಪಿನ ಕೆಲಸದಲ್ಲಿ ಪೈಪಿನ ಬೆಲೆಯೇ ಮುಖ್ಯ ವೆಚ್ಚವೆಂದು ತಿಳಿಯುವುದು ತಪ್ಪು. ಕೆಲವು ಮೀಟರ್ ಸಣ್ಣ ಪೈಪಿಗೆ ಬೀಳುವ ಹಣ ಅಲ್ಪ. ವೆಚ್ಚ ಬೆಳೆಯುವುದು ಕೂಲಿಯಲ್ಲಿ ಮತ್ತು ಜೊತೆಗೆ ಬರುವ ಕೆಲಸಗಳಲ್ಲಿ. ಹಳೆಯ ನಟ್ಟು ತುಕ್ಕಿನಿಂದ ಬಿಗಿದುಕೊಂಡಿದ್ದರೆ ಬಿಚ್ಚುವಾಗ ತಿರುಚಿ ಮುರಿಯುತ್ತದೆ. ಚಕ್ರದ ಬಳಿಯ ರಬ್ಬರ್ ಹೋಸ್ ಪೈಪಿಗೆ ಅದೇ ನಟ್ಟು ಸೇರಿದ್ದರೆ ಹೋಸ್ ಪೈಪನ್ನೂ ಬದಲಿಸಬೇಕಾಗುತ್ತದೆ. ಗಾಳಿ ತೆಗೆಯುವ ನಿಪ್ಪಲ್ ಮುರಿದರೆ ವೀಲ್ ಸಿಲಿಂಡರ್ ಕೂಡ ಹೊಸದಾಗಬೇಕು. ಹಿಂಚಕ್ರಗಳಿಗೆ ಹೋಗುವ ಉದ್ದದ ಪೈಪು ಕೆಲವು ಮಾದರಿಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲ್ಬದಿಯಲ್ಲಿ ಹಾದುಹೋಗುವುದರಿಂದ ಟ್ಯಾಂಕನ್ನೇ ಇಳಿಸುವ ಪ್ರಸಂಗ ಬರುತ್ತದೆ. ಕೊನೆಯಲ್ಲಿ ಹೊಸ ಆಯಿಲ್ ತುಂಬಿ, ನಾಲ್ಕು ಚಕ್ರಗಳಲ್ಲೂ ಏರ್ ತೆಗೆದು, ಸೋರಿಕೆ ನೋಡಿ, ರಸ್ತೆಯಲ್ಲಿ ಓಡಿಸಿ ಪರೀಕ್ಷಿಸಬೇಕು. ಭಾರತದಲ್ಲಿ 2019ರ ಏಪ್ರಿಲ್ 1ರಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಎಬಿಎಸ್ ಇರುವ ಕಾರಿನಲ್ಲಿ ಏರ್ ತೆಗೆಯಲು ಕೆಲವೊಮ್ಮೆ ಕಂಪ್ಯೂಟರ್ ಉಪಕರಣವೂ ಅಗತ್ಯ.

ಪೈಪಿನ ಆಯ್ಕೆಯಲ್ಲಿ ಮೂರು ದಾರಿಗಳಿವೆ. ಮೊದಲನೆಯದು ಕಂಪನಿಯವರೇ ಬಾಗಿಸಿ ಕೊಡುವ ಅಸಲಿ ಪೈಪು. ತಯಾರಿಕೆ ನಿಂತ ಮಾದರಿಗಳಿಗೆ ಇದು ಸುಲಭವಾಗಿ ದೊರೆಯದಿರಬಹುದು. ಎರಡನೆಯದು ಲೇಪನವುಳ್ಳ ಉಕ್ಕಿನ ಪೈಪನ್ನು ಹಳೆಯದರ ಅಳತೆಗೆ ಕತ್ತರಿಸಿ, ಬಾಗಿಸಿ, ತುದಿಗೆ ಫ್ಲೇರ್ ಮಾಡಿಕೊಳ್ಳುವುದು. ಮೂರನೆಯದು ಶೇ. 90ರಷ್ಟು ತಾಮ್ರ, ಶೇ. 10ರಷ್ಟು ನಿಕ್ಕಲ್ ಇರುವ ಮಿಶ್ರಲೋಹದ ಪೈಪು. ಇದರ ಬೆಲೆ ಹೆಚ್ಚು, ಆದರೆ ತುಕ್ಕು ಹಿಡಿಯದು. ಸ್ವೀಡನ್ನಿನ ವೋಲ್ವೊ ಸಂಸ್ಥೆ 1976ರಿಂದಲೇ ತನ್ನ ಕಾರುಗಳಿಗೆ ಇದನ್ನು ಬಳಸಿತು. ಆದರೆ ಶುದ್ಧ ತಾಮ್ರದ ಪೈಪು ಇದಲ್ಲ. ಫ್ರಿಜ್ ರಿಪೇರಿಯ ಅಂಗಡಿಯಲ್ಲಿ ಸಿಗುವ ತಾಮ್ರದ ಪೈಪು ನೋಡಲು ಒಂದೇ ರೀತಿಯಿದ್ದರೂ, ಸತತ ಕಂಪನದಿಂದ ಗಡುಸಾಗಿ ಬಿರುಕು ಬಿಡುವ ಸ್ವಭಾವದ್ದು, ಬ್ರೇಕಿಗೆ ಸಲ್ಲದು. ಹಾಗೆಯೇ ಸೋರುವ ಜಾಗವನ್ನಷ್ಟೇ ಕತ್ತರಿಸಿ, ನಡುವೆ ನೀರಿನ ಪೈಪಿನಂತೆ ಜಾಯಿಂಟ್ ಹಾಕಿ ಬಿಗಿಯುವುದು, ಬೆಸುಗೆ ಹಾಕುವುದು ಸರ್ವಥಾ ಕೂಡದು. ಫ್ಲೇರ್ ಕೂಡ ಆಯಾ ಕಾರಿಗೆ ತಕ್ಕಂತೆ ಇರಬೇಕು. ಜಪಾನೀ ಮೂಲದ ಕಾರುಗಳಲ್ಲೂ ಯುರೋಪಿನ ಮೂಲದ ಕಾರುಗಳಲ್ಲೂ ತುದಿಯ ಆಕಾರ ಸಾಮಾನ್ಯವಾಗಿ ಬೇರೆ ಬೇರೆ. ಸರಿಯಾದ ಅಚ್ಚುಳ್ಳ ಫ್ಲೇರಿಂಗ್ ಉಪಕರಣ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸದಿರುವುದೇ ಕ್ಷೇಮ. ಚಿಕ್ಕಜಾಜೂರಿನವರಿಗೆ ಇದು ದಾವಣಗೆರೆ ಅಥವಾ ಚಿತ್ರದುರ್ಗಕ್ಕೆ ಒಂದು ದಿನದ ಪ್ರಯಾಣ. ಅಲ್ಲಿ ಸಿಗದ ಬಿಡಿಭಾಗವನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಬೇಕಾಗುತ್ತದೆ. ಆ ದಿನದ ಬೆಲೆಯೂ ವೆಚ್ಚದ ಭಾಗವೇ.

ಒಂದೊಂದಾಗಿಯೋ, ಒಟ್ಟಿಗೆಯೋ?

ಕೆಳಗಿನ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸಲು ಊಹಿಸಿಕೊಂಡವು. ಪ್ರತಿಯೊಬ್ಬರೂ ತಮ್ಮ ಕಾರು, ತಮ್ಮ ಗ್ಯಾರೇಜಿನ ದರಗಳನ್ನು ಹಾಕಿ ನೋಡತಕ್ಕದ್ದು.

ಒಂದು ಹಳೆಯ ಕಾರಿನಲ್ಲಿ ನಾಲ್ಕು ಪೈಪುಗಳಿಗೆ ತುಕ್ಕು ಹಿಡಿದಿದೆಯೆಂದು ಭಾವಿಸಬಹುದು. ಸೋರಿದಾಗ ಸೋರಿದ ಪೈಪನ್ನಷ್ಟೇ ಬದಲಿಸುವುದಾದರೆ ಪ್ರತಿ ಸಲವೂ ಪೈಪು ಮತ್ತು ನಟ್ಟಿಗೆ 600 ರೂ., ಆಯಿಲ್‌ಗೆ 400 ರೂ., ಕೂಲಿ 1,500 ರೂ., ಒಟ್ಟು 2,500 ರೂ. ಇದರ ಮೇಲೆ ಶೇ. 18ರ ಜಿಎಸ್‌ಟಿ ಸೇರಿ 2,950 ರೂ. ಕಾರು ಗ್ಯಾರೇಜಿನಲ್ಲಿದ್ದ ದಿನದ ಬಾಡಿಗೆ ವಾಹನ ಇತ್ಯಾದಿಗೆ 1,000 ರೂ. ಸೇರಿಸಿದರೆ 3,950 ರೂ. ನಾಲ್ಕು ಸಲಕ್ಕೆ 15,800 ರೂ.

ನಾಲ್ಕನ್ನೂ ಒಮ್ಮೆಗೇ ಬದಲಿಸಿ, ಜೊತೆಗೆ ರಬ್ಬರ್ ಹೋಸ್ ಪೈಪುಗಳನ್ನೂ ಹೊಸದು ಮಾಡಿಸಿದರೆ, ಪೈಪು-ನಟ್ಟುಗಳಿಗೆ 2,400 ರೂ., ಹೋಸ್ ಪೈಪುಗಳಿಗೆ 1,600 ರೂ., ಆಯಿಲ್‌ಗೆ 400 ರೂ., ಕೂಲಿ 3,500 ರೂ., ಒಟ್ಟು 7,900 ರೂ. ಜಿಎಸ್‌ಟಿ 1,422 ರೂ. ಸೇರಿ ಬಿಲ್ಲು 9,322 ರೂ. ಒಂದು ದಿನದ 1,000 ರೂ. ಕೂಡಿಸಿದರೆ 10,322 ರೂ. ಎಂದರೆ ಹೋಸ್ ಪೈಪುಗಳು ಹೊಸದಾದ ಮೇಲೂ 5,478 ರೂ. ಉಳಿತಾಯ. ಕಾರಣ ಸರಳ: ಕಾರನ್ನು ಎತ್ತುವುದು, ಆಯಿಲ್ ಚೆಲ್ಲಿ ಮತ್ತೆ ತುಂಬುವುದು, ಏರ್ ತೆಗೆಯುವುದು ಇವು ಒಂದು ಪೈಪಿಗೂ ನಾಲ್ಕು ಪೈಪಿಗೂ ಹೆಚ್ಚುಕಡಿಮೆ ಒಂದೇ. ಒಂದೇ ವಯಸ್ಸಿನ, ಒಂದೇ ಕೆಸರು ಕಂಡ ಪೈಪುಗಳಲ್ಲಿ ಒಂದು ತೂತಾದರೆ ಉಳಿದವುಗಳ ಸರದಿ ದೂರವಿರುವುದಿಲ್ಲ.

ತೆರಿಗೆಯ ದೃಷ್ಟಿಯಿಂದ

ಮೊದಲು ಜಿಎಸ್‌ಟಿ. ಬಹುಕಾಲ ಶೇ. 28ರ ದರದಲ್ಲಿದ್ದ ಬ್ರೇಕ್ ಬಿಡಿಭಾಗಗಳು 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿವೆ. ಹಳೆಯ ಕಾರು ಇಟ್ಟುಕೊಂಡವರಿಗೆ ಇದು ಅನುಕೂಲಕರ ಬದಲಾವಣೆ. ಆದರೆ ಚಾಲಕನೂ ಸೇರಿ 13 ಮಂದಿಗೆ ಮೀರದ ಆಸನವುಳ್ಳ ಪ್ರಯಾಣಿಕ ವಾಹನದ ದುರಸ್ತಿ ಸೇವೆಗೆ ತೆತ್ತ ತೆರಿಗೆಯನ್ನು, ಕಾಯ್ದೆಯ 17(5)ನೇ ಕಲಮಿನ ಪ್ರಕಾರ, ಸಾಮಾನ್ಯ ವರ್ತಕರು ಹೂಡುವಳಿ ತೆರಿಗೆಯಾಗಿ ಹಿಂಪಡೆಯಲು ಬರುವುದಿಲ್ಲ. ಅದು ವೆಚ್ಚದ ಭಾಗವಾಗುತ್ತದೆ. ಸರಕು ಸಾಗಿಸುವ ಪಿಕಪ್, ಮಿನಿ ಲಾರಿಗಳಿಗೆ ಈ ನಿರ್ಬಂಧವಿಲ್ಲ. ಎರಡೂ ವಾಹನಗಳ ಕೆಲಸವನ್ನು ಒಂದೇ ಬಿಲ್ಲಿನಲ್ಲಿ ಬರೆಸಿದರೆ ಗೊಂದಲವಾಗುವುದರಿಂದ ಪ್ರತಿ ವಾಹನಕ್ಕೂ ಅದರ ನೋಂದಣಿ ಸಂಖ್ಯೆ ನಮೂದಿಸಿದ ಪ್ರತ್ಯೇಕ ಬಿಲ್ಲು ಪಡೆಯಬೇಕು.

ಇನ್ನು ಆದಾಯ ತೆರಿಗೆ. ಎಲ್ಲ ಬ್ರೇಕ್ ಪೈಪುಗಳನ್ನೂ ಹೊಸದಾಗಿ ಹಾಕಿಸಿದರೆ ಅದು ಬಂಡವಾಳ ವೆಚ್ಚವಾಗುವುದೇ ಎಂಬ ಸಂದೇಹ ಕೆಲವರಿಗಿದೆ. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಹೇಳಿದ ತತ್ವದಂತೆ, ಇರುವ ಆಸ್ತಿಯನ್ನು ಕಾಪಾಡಿ ಉಳಿಸಿಕೊಳ್ಳಲು ಮಾಡಿದ ವೆಚ್ಚ ಚಾಲ್ತಿ ದುರಸ್ತಿ. ಹೊಸ ಆಸ್ತಿಯನ್ನೇ ಅಸ್ತಿತ್ವಕ್ಕೆ ತರುವ ವೆಚ್ಚ ಹಾಗಲ್ಲ. ಕಾರಿಲ್ಲದೆ ಬ್ರೇಕ್ ಪೈಪಿಗೆ ಸ್ವತಂತ್ರ ಅಸ್ತಿತ್ವವಿಲ್ಲ. ಆದುದರಿಂದ ಇದು ಆ ವರ್ಷದ ಲಾಭನಷ್ಟ ಖಾತೆಗೆ ಹೋಗತಕ್ಕ ವೆಚ್ಚ. 1961ರ ಕಾಯ್ದೆಯ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ. ಈ ತತ್ವ ಬದಲಾಗಿಲ್ಲ.

ಮೂರು ಎಚ್ಚರಿಕೆಗಳು ಇಲ್ಲಿ ಅಗತ್ಯ. ಕಾರನ್ನು ಮನೆಯ ಬಳಕೆಗೂ ಉಪಯೋಗಿಸುತ್ತಿದ್ದರೆ ಆ ಪಾಲಿನಷ್ಟು ವೆಚ್ಚವನ್ನು ಕಳೆಯಬೇಕು. ಒಬ್ಬರಿಗೇ ಒಂದೇ ದಿನ 10,000 ರೂ. ಮೀರಿ ನಗದಾಗಿ ಪಾವತಿ ಮಾಡಿದರೆ ಆ ವೆಚ್ಚ ಮಾನ್ಯವಾಗುವುದಿಲ್ಲ; ಚೆಕ್ ಅಥವಾ ಬ್ಯಾಂಕ್ ಮೂಲಕ ಕೊಡಬೇಕು. ವಹಿವಾಟಿನ ಶೇ. 8 ಅಥವಾ ಶೇ. 6ನ್ನು ಲಾಭವೆಂದು ಘೋಷಿಸುವ ಅಂದಾಜು ಪದ್ಧತಿಯನ್ನು ಆಯ್ದುಕೊಂಡವರು ದುರಸ್ತಿ ವೆಚ್ಚವನ್ನು ಮತ್ತೆ ಪ್ರತ್ಯೇಕವಾಗಿ ಕಳೆಯುವಂತಿಲ್ಲ.

ಬಿಲ್ಲಿಲ್ಲದ ಉಳಿತಾಯ ಉಳಿತಾಯವೇ?

‘ಬಿಲ್ಲು ಬೇಕಾದರೆ ಟ್ಯಾಕ್ಸ್ ಸೇರುತ್ತದೆ, ಬೇಡವಾದರೆ 7,900 ಕೊಡಿ’ ಎಂಬ ಮಾತು ಗ್ಯಾರೇಜುಗಳಲ್ಲಿ ಅಪರೂಪವಲ್ಲ. ನೋಂದಾಯಿತ ಗ್ಯಾರೇಜು ಹಾಗೆ ಮಾಡುವುದು ಕಾನೂನಿಗೆ ವಿರುದ್ಧ ಎಂಬುದು ಒಂದೆಡೆಯಿರಲಿ. ಬರಿಯ ರೂಪಾಯಿ ಲೆಕ್ಕದಲ್ಲಿಯೂ ಅದು ಲಾಭವೇ ಎಂಬುದನ್ನು ನೋಡಬೇಕು.

ಪಾಲುದಾರಿಕೆ ಸಂಸ್ಥೆಗೆ ಸೆಸ್ ಸೇರಿ ತೆರಿಗೆ ಶೇ. 31.2. ಕಾರು ಪೂರ್ಣವಾಗಿ ವ್ಯಾಪಾರಕ್ಕೆ ಬಳಕೆಯಾಗುತ್ತಿದ್ದರೆ 9,322 ರೂ. ಬಿಲ್ಲಿನಿಂದ ಉಳಿಯುವ ಆದಾಯ ತೆರಿಗೆ 2,908 ರೂ.; ಸಂಸ್ಥೆಗೆ ನಿಜವಾಗಿ ತಗಲಿದ್ದು 6,414 ರೂ. ಬಿಲ್ಲಿಲ್ಲದೆ ಕೊಟ್ಟ 7,900 ರೂ.ಗಳಿಗೆ ಆಧಾರವಿಲ್ಲದ್ದರಿಂದ ಅದು ವೆಚ್ಚವಾಗಿ ನಿಲ್ಲುವುದಿಲ್ಲ; ತಗಲಿದ್ದು ಪೂರ್ತಿ 7,900 ರೂ. ಅಂದರೆ 1,422 ರೂ. ಉಳಿಸಿದೆವೆಂದು ಹಿಗ್ಗಿದವರು 1,486 ರೂ. ಹೆಚ್ಚು ತೆತ್ತಂತಾಯಿತು. ಸ್ಥೂಲವಾಗಿ ಹೇಳುವುದಾದರೆ, ಆದಾಯ ತೆರಿಗೆಯ ದರ ಶೇ. 15.25ನ್ನು ಮೀರಿದ ಎಲ್ಲರಿಗೂ ಬಿಲ್ಲು ಪಡೆಯುವುದೇ ಅಗ್ಗ.

ಕೆಳಗಿನ ಹಂತದಲ್ಲಿರುವ ಸಣ್ಣ ವರ್ತಕರ ಲೆಕ್ಕ ಬೇರೆ. ಸೆಸ್ ಸೇರಿ ಶೇ. 5.2ರ ದರದವರಿಗೆ ಬಿಲ್ಲು ಪಡೆದರೆ 8,837 ರೂ., ಪಡೆಯದಿದ್ದರೆ 7,900 ರೂ. ವ್ಯತ್ಯಾಸ 937 ರೂ. ಈ ಮೊತ್ತಕ್ಕೆ ಪ್ರತಿಯಾಗಿ ದೊರೆಯುವುದು ಒಂದು ದಾಖಲೆ. ಆ ದಾಖಲೆಯ ಬೆಲೆ ತಿಳಿಯುವುದು ಕಾರು ಅಪಘಾತಕ್ಕೆ ಸಿಲುಕಿದ ದಿನ.

ಒಂದು ಮಾತು ಸ್ಪಷ್ಟವಾಗಬೇಕು. ವಾರ್ಷಿಕ ವಹಿವಾಟು 20 ಲಕ್ಷ ರೂ. ದಾಟದ ಸಣ್ಣ ಗ್ಯಾರೇಜು ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ಅಂಥವರು ತೆರಿಗೆಯಿಲ್ಲದ ಸಾದಾ ಬಿಲ್ಲು ಕೊಡುವುದು ಕಾನೂನುಬದ್ಧ. ಆದಾಯ ತೆರಿಗೆಯಲ್ಲಿ ವೆಚ್ಚ ತೋರಿಸಲು ಜಿಎಸ್‌ಟಿ ಸಂಖ್ಯೆಯೇ ಬೇಕೆಂದಿಲ್ಲ; ದಿನಾಂಕ, ವಾಹನದ ಸಂಖ್ಯೆ, ಕೆಲಸದ ವಿವರ, ಮೊತ್ತ, ಸಹಿ ಇದ್ದರೆ ಸಾಕು. ಊರಿನ ನುರಿತ ಮೆಕ್ಯಾನಿಕ್ಕಿನಿಂದ ಅಷ್ಟನ್ನು ಬರೆಸಿಕೊಳ್ಳಲು ಐದು ನಿಮಿಷ ಸಾಲದೆ?

ನ್ಯಾಯಾಲಯ ಕೇಳುವ ಪ್ರಶ್ನೆ

ಬ್ರೇಕ್ ಪೈಪಿನ ತುಕ್ಕು ಒಂದು ಪ್ರಸಿದ್ಧ ಮೊಕದ್ದಮೆಯ ವಸ್ತುವಾಗಿದೆ. ಇಂಗ್ಲೆಂಡಿನಲ್ಲಿ ಇಳಿಜಾರಿನಲ್ಲಿ ಬರುತ್ತಿದ್ದ ಐದು ವರ್ಷ ಹಳೆಯ ಲಾರಿಯೊಂದರ ಬ್ರೇಕ್ ವಿಫಲವಾಗಿ, ಲಾರಿ ಬಡಿದು ಒಬ್ಬ ವ್ಯಕ್ತಿ ಮೃತಪಟ್ಟನು. ತುಕ್ಕಿನಿಂದ ಪೈಪಿನಲ್ಲಿ ತೂತು ಬಿದ್ದು ಆಯಿಲ್ ಸೋರಿಹೋಗಿತ್ತು. ಪೈಪಿನ ಆ ಭಾಗ ಮರೆಯಲ್ಲಿದ್ದು, ಬಿಚ್ಚಿ ತೆಗೆದರಲ್ಲದೆ ಕಾಣುವಂತಿರಲಿಲ್ಲ. ಕಾಣುವ ಭಾಗವನ್ನು ತಾವು ತಪಾಸಣೆ ಮಾಡುತ್ತಿದ್ದೆವು, ಪೈಪು ಬಿಚ್ಚಿ ನೋಡಬೇಕೆಂದು ತಯಾರಕರೂ ಹೇಳಿರಲಿಲ್ಲ ಎಂಬುದು ಲಾರಿ ಮಾಲೀಕರ ವಾದ. ಮೃತನ ಪತ್ನಿ ಹೂಡಿದ ಈ ಮೊಕದ್ದಮೆ, ‘ಹೆಂಡರ್ಸನ್ ವಿರುದ್ಧ ಹೆನ್ರಿ ಇ. ಜೆಂಕಿನ್ಸ್ ಅಂಡ್ ಸನ್ಸ್’, 1969ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ಮುಂದೆ ಬಂದಾಗ ಐವರಲ್ಲಿ ಮೂವರು ನ್ಯಾಯಾಧೀಶರು ಮಾಲೀಕರ ವಿರುದ್ಧ ತೀರ್ಪಿತ್ತರು. ಸಾಮಾನ್ಯ ತಪಾಸಣೆ ಮಾಡಿದ್ದೆವೆಂದರೆ ಸಾಲದು. ಆ ಲಾರಿ ಎಲ್ಲೆಲ್ಲಿ ಓಡಿತ್ತು, ತುಕ್ಕು ಹಿಡಿಸುವಂಥ ಸರಕನ್ನೇನಾದರೂ ಹೊತ್ತಿತ್ತೇ ಎಂಬ ಪೂರ್ವಚರಿತ್ರೆಯನ್ನು ಮಾಲೀಕರೇ ಮುಂದಿಡಬೇಕಿತ್ತು, ಇಡಲಿಲ್ಲ ಎಂಬುದು ತೀರ್ಪಿನ ತಿರುಳು. ಗೊಬ್ಬರದ ಚೀಲ ಹೊತ್ತ ಕಾರುಗಳ ಮಾಲೀಕರು ಇದನ್ನು ಎರಡು ಸಲ ಓದುವುದು ಒಳಿತು.

ಭಾರತದ ಸರ್ವೋಚ್ಚ ನ್ಯಾಯಾಲಯವೂ ಮಿನು ಬಿ. ಮೆಹ್ತಾ ಪ್ರಕರಣದಲ್ಲಿ 1977ರಲ್ಲಿ ಇದೇ ಧಾಟಿಯಲ್ಲಿ ನುಡಿದಿದೆ. ಯಾಂತ್ರಿಕ ದೋಷದಿಂದ ಅಪಘಾತವಾಯಿತೆಂದು ಹೇಳುವ ಮಾಲೀಕರು ಅದನ್ನು ತಾವೇ ರುಜುವಾತು ಮಾಡಬೇಕು. ಯುಕ್ತ ಎಚ್ಚರ ವಹಿಸಿದ್ದರೂ ಆ ದೋಷ ಕಣ್ಣಿಗೆ ಬೀಳಲಿಲ್ಲವೆಂದು ತೋರಿಸಬೇಕು. ‘ಬ್ರೇಕ್ ಫೇಲಾಯಿತು’ ಎಂಬುದು ಸಮರ್ಥನೆಯಲ್ಲ. ಅಲ್ಲಿಂದ ಪ್ರಶ್ನೆಗಳು ಆರಂಭವಾಗುತ್ತವೆ. ಮೋಟಾರು ವಾಹನ ಕಾಯ್ದೆಯ 190ನೇ ಕಲಮು ಕೂಡ ಮಾಲೀಕರಿಗೆ ತಿಳಿದಿದ್ದ ದೋಷವನ್ನು ಮಾತ್ರವಲ್ಲ, ಸಾಮಾನ್ಯ ಎಚ್ಚರದಿಂದ ತಿಳಿಯಬಹುದಾಗಿದ್ದ ದೋಷವನ್ನೂ ಶಿಕ್ಷಾರ್ಹಗೊಳಿಸುತ್ತದೆ. 2019ರ ತಿದ್ದುಪಡಿಯ ನಂತರ ಇದಕ್ಕೆ 1,500 ರೂ.ವರೆಗೆ ದಂಡ, ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಅಥವಾ ಆಸ್ತಿ ನಷ್ಟವಾದರೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂ.ವರೆಗೆ ದಂಡ ಅಥವಾ ಎರಡೂ. ಕಾರು ವಿಮಾ ಪಾಲಿಸಿಯಲ್ಲಿಯೂ ವಾಹನವನ್ನು ಸುಸ್ಥಿತಿಯಲ್ಲಿಡಲು ಯುಕ್ತ ಕ್ರಮ ಕೈಗೊಳ್ಳಬೇಕೆಂಬ ಷರತ್ತು ಇರುತ್ತದೆ. ಸವೆತದಿಂದಾದ ಹಾನಿಗೆ ಪರಿಹಾರವಿಲ್ಲ.

ಪೈಪು ತಯಾರಿಸಿದ ಕಂಪನಿಯ ಮೇಲೆ ಹೊಣೆ ಹಾಕೋಣವೆಂದರೆ ಅದೂ ಸುಲಭವಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯು ಜನರಲ್ ಮೋಟಾರ್ಸ್ ಕಂಪನಿಯ 1999ರಿಂದ 2003ರ ಮಾದರಿಯ ಪಿಕಪ್ ಮುಂತಾದ ವಾಹನಗಳ ಬ್ರೇಕ್ ಪೈಪು ತುಕ್ಕಿನ ಬಗ್ಗೆ ವರ್ಷಗಟ್ಟಲೆ ತನಿಖೆ ನಡೆಸಿ, 2015ರಲ್ಲಿ ಅದನ್ನು ಮುಕ್ತಾಯಗೊಳಿಸಿತು. ವಾಹನಗಳನ್ನು ಹಿಂದಕ್ಕೆ ಕರೆಸಲು ಆದೇಶಿಸಲಿಲ್ಲ. ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ರಾಜ್ಯಗಳಲ್ಲಿ ಹಳೆಯ ವಾಹನಗಳಿಗೆ ಇದು ವಯೋಸಹಜ ಸವೆತ. ಅಡಿಭಾಗವನ್ನು ತೊಳೆದು, ಪೈಪುಗಳನ್ನು ಪರೀಕ್ಷಿಸಿ, ಅಗತ್ಯವಿದ್ದರೆ ಬದಲಿಸುವುದು ಮಾಲೀಕರ ಹೊಣೆ ಎಂಬ ಸಲಹೆಯನ್ನಷ್ಟೇ ನೀಡಿತು.

ಬ್ರಿಟನ್ನಿನಲ್ಲಿ ಹಳೆಯ ಕಾರುಗಳಿಗೆ ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆಯುಂಟು. ಪೈಪಿನ ಗೋಡೆ ಮೂರರಲ್ಲೊಂದು ಭಾಗ, ಅಂದರೆ ಸಾಮಾನ್ಯ ಪೈಪಿನಲ್ಲಿ ಕಾಲು ಮಿಲಿಮೀಟರ್, ಸವೆದರೆ ಕಾರು ಅನುತ್ತೀರ್ಣ. ಭಾರತದಲ್ಲಿ ಖಾಸಗಿ ಕಾರಿಗೆ ನೋಂದಣಿಯ 15 ವರ್ಷ ತುಂಬುವವರೆಗೆ ಅಂಥ ನಿಯತ ತಪಾಸಣೆಯಿಲ್ಲ. ಯಾವ ಅಧಿಕಾರಿಯೂ ಕೇಳದಿರುವಾಗ ಮಾಲೀಕರೇ ತಮಗೆ ತಾವು ತಪಾಸಣಾಧಿಕಾರಿ.

ದುರಸ್ತಿಯೋ, ವಿಲೇವಾರಿಯೋ?

‘60,000 ಬೆಲೆಯ ಕಾರಿಗೆ 9,000 ರಿಪೇರಿಯೇ?’ ಎಂಬ ಪ್ರಶ್ನೆ ಸ್ವಾಭಾವಿಕ. ಆದರೆ ದುರಸ್ತಿಯ ವೆಚ್ಚವನ್ನು ಕಾರಿನ ಮಾರುಕಟ್ಟೆ ಬೆಲೆಯೊಡನೆ ಹೋಲಿಸುವುದು ಸರಿಯಾದ ತೂಕವಲ್ಲ. ಅದೇ ಓಡಾಟಕ್ಕೆ ಬೇರೆ ವಾಹನ ಕೊಳ್ಳಲು ತಗಲುವ ವಾರ್ಷಿಕ ಬಡ್ಡಿ, ವಿಮೆ ಮತ್ತು ಸವಕಳಿಯೊಡನೆ ಹೋಲಿಸಬೇಕು. ದುರಸ್ತಿಯ ನಂತರ ಕಾರು ಎರಡು ವರ್ಷ ಓಡುವಂತಿದ್ದರೆ 9,322 ರೂ. ಎಂದರೆ ತಿಂಗಳಿಗೆ 400 ರೂ.ಗಿಂತ ಕಡಿಮೆ.

ಇದರ ಜೊತೆಗೆ ಮುಂದೆ ಬರುವ ಖರ್ಚುಗಳನ್ನೂ ಎಣಿಸಬೇಕು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂ.ಗಳಿಂದ 5,000 ರೂ.ಗೆ ಏರಿತು, 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ರೂ. ನಿಗದಿಯಾಯಿತು. ಬ್ರೇಕ್ ಪೈಪಿನೊಡನೆ ಚಾಸಿಯ ಮುಖ್ಯ ಭಾಗವೂ ತುಕ್ಕಿಗೆ ತುತ್ತಾಗಿದ್ದರೆ ಪೈಪಿಗೆ ಹಣ ಹಾಕುವುದು ವ್ಯರ್ಥ. ಅಂಥ ಕಾರನ್ನು ಗುಜರಿಗೆ ಕೊಡುವುದೇ ಯೋಗ್ಯ.

ಮಾರುವುದಾದರೂ ಒಂದು ಲೆಕ್ಕವಿದೆ. 4,00,000 ರೂ.ಗೆ ಕೊಂಡ ಕಾರು ಶೇ. 15ರ ಸವಕಳಿಯಂತೆ 15 ವರ್ಷಗಳ ನಂತರ 34,942 ರೂ.ಗೆ ಇಳಿದಿರುತ್ತದೆ. ಜಿಎಸ್‌ಟಿ ನೋಂದಾಯಿತ ವರ್ತಕರು ಅದನ್ನು 60,000 ರೂ.ಗೆ ಮಾರಿದರೆ, ಕೊಳ್ಳುವಾಗ ಹೂಡುವಳಿ ತೆರಿಗೆ ಪಡೆದಿರದಿದ್ದಲ್ಲಿ, ವ್ಯತ್ಯಾಸವಾದ 25,058 ರೂ. ಮೇಲೆ ಮಾತ್ರ ತೆರಿಗೆ ಬೀಳುತ್ತದೆ. 2025ರ ಜನವರಿ 16ರಿಂದ ಈ ದರ ಎಲ್ಲ ಹಳೆಯ ಕಾರುಗಳಿಗೂ ಶೇ. 18, ಹೀಗಾಗಿ 4,510 ರೂ. ಸವೆದ ಬ್ರೇಕ್ ಪೈಪಿನ ಸಂಗತಿಯನ್ನು ಕೊಳ್ಳುವವರಿಗೆ ತಿಳಿಸದೆ ಮಾರುವುದು ಮಾತ್ರ ವ್ಯಾಪಾರ ಧರ್ಮಕ್ಕೆ ಸಲ್ಲದು.

ಪಾಲಿಸಬಹುದಾದ ಕ್ರಮ

ಹತ್ತು ವರ್ಷ ದಾಟಿದ ಪ್ರತಿ ಕಾರನ್ನೂ ಮುಂಗಾರಿಗೆ ಮೊದಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಎತ್ತಿಸಿ ಅಡಿಭಾಗ ತೊಳೆಸಿ ನೋಡಿಸಬೇಕು. ಕ್ಲಿಪ್ಪುಗಳ ಸಂದಿ, ಹಿಂದಿನ ಆಕ್ಸಲ್, ಟ್ಯಾಂಕಿನ ಸುತ್ತಲಿನ ಭಾಗಗಳನ್ನು ವಿಶೇಷವಾಗಿ ಗಮನಿಸಬೇಕು. ಲೇಪನ ಉಬ್ಬಿ ಹೊಪ್ಪಳೆ ಎದ್ದಿದ್ದರೆ, ಆಯಿಲ್ ಮಟ್ಟ ಪದೇ ಪದೇ ಇಳಿಯುತ್ತಿದ್ದರೆ, ಪೆಡಲು ಮೆತ್ತಗಾದರೆ ಕಾರನ್ನು ಅಂದೇ ನಿಲ್ಲಿಸತಕ್ಕದ್ದು; ‘ದಾವಣಗೆರೆಯವರೆಗೆ ಮೆಲ್ಲಗೆ ಓಡಿಸಿಕೊಂಡು ಹೋಗಿ ಮಾಡಿಸೋಣ’ ಎನ್ನದೆ, ಮೆಕ್ಯಾನಿಕ್ಕನ್ನು ಕರೆಸುವುದು ಅಥವಾ ಕಾರನ್ನು ಬೇರೆ ವಾಹನದ ಮೇಲೇರಿಸಿ ಕಳುಹಿಸುವುದು ಸೂಕ್ತ. ಕೆಲಸ ಮುಗಿದ ಮೇಲೆ ಬಿಲ್ಲಿನಲ್ಲಿ ಯಾವ ಯಾವ ಪೈಪು ಬದಲಾಯಿತು, ಯಾವ ದರ್ಜೆಯ ಆಯಿಲ್ ಹಾಕಲಾಯಿತು, ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಇತ್ತು ಎಂಬುದನ್ನು ಬರೆಸಿ, ವಾಹನದ ಪ್ರತ್ಯೇಕ ಕಡತದಲ್ಲಿ ಇಡಬೇಕು. ತಪಾಸಣೆ ಮಾಡಿ ಏನೂ ದೋಷ ಕಾಣದಿದ್ದರೂ ಅದನ್ನೇ ಬರೆಸಿಡಬೇಕು. ಆದರೆ ‘ಪೈಪು ಬದಲಿಸಬೇಕು’ ಎಂದು ಮೆಕ್ಯಾನಿಕ್ ಬರೆದುಕೊಟ್ಟ ಮೇಲೂ ಸುಮ್ಮನಿದ್ದರೆ ಅದೇ ಕಾಗದ ಮಾಲೀಕರ ವಿರುದ್ಧದ ಸಾಕ್ಷಿಯಾಗುತ್ತದೆಂಬುದನ್ನು ಮರೆಯಬಾರದು.

ಅಂಗಡಿಯ ಚಾಲಕನೋ, ಗುಮಾಸ್ತನೋ, ಮಾಲೀಕರ ಮಗನೋ ಆ ಕಾರನ್ನು ಓಡಿಸುತ್ತಾನೆ. ರಸ್ತೆಯಲ್ಲಿ ಶಾಲೆಯ ಮಕ್ಕಳು, ಎತ್ತಿನಗಾಡಿ, ಸಂತೆಗೆ ಬಂದವರು ನಡೆಯುತ್ತಾರೆ. ಅವರಾರಿಗೂ ಕಾರಿನ ಅಡಿಯಲ್ಲಿರುವ ಪೈಪು ಕಾಣುವುದಿಲ್ಲ. ಅದನ್ನು ನೋಡಬಲ್ಲವರು, ನೋಡಬೇಕಾದವರು ಮಾಲೀಕರೊಬ್ಬರೇ. ವರ್ಷದ ಲಾಭನಷ್ಟ ಪಟ್ಟಿಯಲ್ಲಿ ಒಂದು ಸಾಲೂ ಆಗದ ಈ ವೆಚ್ಚವನ್ನು ಮುಂದಿನ ಸೀಸನ್ನಿಗೆ ಮುಂದೂಡದಿರುವುದೇ ಲೆಕ್ಕ ಬಲ್ಲವರ ಲಕ್ಷಣ.